ಹದಿನಾರು ಲಕ್ಷದ ಎಂಬಿಎ ಮತ್ತು ಅಮ್ಮನ ಮಲ್ಲಿಗೆ ಲೆಕ್ಕ

ಸೀಟು ಸಿಕ್ಕಿದ ಮೇಲ್ ಬಂದಾಗ ನಾನು ಬಸ್ಸಿನಲ್ಲಿದ್ದೆ. ಮಂಗಳೂರಿನಿಂದ ಕಟಪಾಡಿಗೆ ಬರುವ ಸಂಜೆಯ ಎಕ್ಸ್‌ಪ್ರೆಸ್, ಪಡುಬಿದ್ರಿ ದಾಟುವವರೆಗೆ ಕೂರಲು ಜಾಗ ಇರುವುದಿಲ್ಲ. ಬೇರೆ ಊರಿನ ಖಾಸಗಿ ಬಿಸಿನೆಸ್ ಸ್ಕೂಲು, ಎರಡು ವರ್ಷ, ಹಾಸ್ಟೆಲ್ ಸೇರಿ 16 ಲಕ್ಷ. ಅದು 2023. ನನಗೆ ಆಗ 27. ಅಕೌಂಟ್ಸ್ ಕೆಲಸ, ಕೈಗೆ ಬರುತ್ತಿದ್ದದ್ದು ತಿಂಗಳಿಗೆ 36 ಸಾವಿರ. ಒಂದು ವಾರದೊಳಗೆ 50 ಸಾವಿರ ಕಟ್ಟಿ ಸೀಟು ಉಳಿಸಿಕೊಳ್ಳಿ ಎಂದಿದ್ದರು. ಕಟ್ಟಿಯೂ ಬಿಟ್ಟೆ. ದಿನವಿಡೀ ಬೇರೆಯವರ ಲೆಕ್ಕ ನೋಡುವವಳು ನನ್ನ ಲೆಕ್ಕ ನೋಡದೆ ದುಡ್ಡು ಕಟ್ಟಿದೆ!

ನಮ್ಮ ಮನೆ ಶಂಕರಪುರದ ಹತ್ತಿರ. ಅಮ್ಮನಿಗೆ ಮಲ್ಲಿಗೆ ತೋಟ ಇದೆ. ತೋಟ ಅಂದರೆ ದೊಡ್ಡದೇನಲ್ಲ, ಅಂಗಳದ ಬದಿಯಲ್ಲಿ ಒಂದಷ್ಟು ಗಿಡ. ಮರುದಿನ ಬೆಳಿಗ್ಗೆ ಅವಳು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ಕೂತಿದ್ದಳು. ನಾನು ಬ್ರೋಷರ್ ಓದಿ ಹೇಳಿದೆ: ಹೈಯೆಸ್ಟ್ ಪ್ಯಾಕೇಜ್ 38 ಲಕ್ಷ, ಆವರೇಜ್ 11 ಲಕ್ಷ.

ಅಮ್ಮ ಕೈ ನಿಲ್ಲಿಸದೆ ಕೇಳಿದಳು, "ಇದು ಯಾವ ತಿಂಗಳ ದರ?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಮದುವೆ ಸೀಸನ್ನಿನಲ್ಲಿ ಒಂದು ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ಸಿಗುವ ದರ ಬೇರೆ, ಆಟಿ ತಿಂಗಳಲ್ಲಿ ಶುಭಕಾರ್ಯವೇ ಇಲ್ಲದಾಗ ಸಿಗುವ ದರ ಬೇರೆ. "ಮದುವೆ ಸೀಸನ್ನಿನ ದರ ಹಿಡಿದು ವರ್ಷದ ಆದಾಯ ಹೇಳಿದರೆ ಸೊಸೈಟಿಯವರೂ ಸಾಲ ಕೊಡುವುದಿಲ್ಲ ಮಾರಾಯ್ತಿ."

ಅಲ್ಲಿಂದ ನನ್ನ ಲೆಕ್ಕ ಶುರು. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 8 ಲಕ್ಷ, ಒಬ್ಬನಿಗೆ 38 ಲಕ್ಷ ಸಿಕ್ಕಿದರೂ ಆವರೇಜ್ 11 ಲಕ್ಷವೇ ಬರುತ್ತದೆ. ಕೂಡಿಸಿ ನೋಡಿ. ನನಗೆ ಬೇಕಿದ್ದದ್ದು ಮೀಡಿಯನ್, ಅಂದರೆ ಎಲ್ಲರನ್ನೂ ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ನಡುವೆ ನಿಂತವನಿಗೆ ಸಿಕ್ಕಿದ್ದು. ಅದು ಬ್ರೋಷರಿನಲ್ಲಿ ಇರಲಿಲ್ಲ. ಕೆಲವು ಸಂಸ್ಥೆಗಳು ಐಪಿಆರ್‌ಎಸ್ ಎಂಬ, ಪ್ಲೇಸ್‌ಮೆಂಟ್ ಅಂಕಿ ತೋರಿಸುವ ಮಾದರಿಯಲ್ಲಿ ಆಡಿಟ್ ಮಾಡಿಸಿದ ವರದಿ ಹಾಕುತ್ತವೆ. ಇವರದ್ದು ಹಾಗಿರಲಿಲ್ಲ. ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಮೂವರು ಹಳೆ ವಿದ್ಯಾರ್ಥಿಗಳ ಹತ್ತಿರ ಮಾತಾಡಿದೆ. ಮೂವರೂ ಹೇಳಿದ್ದು ಎಂಟೂವರೆ ಲಕ್ಷದ ಆಸುಪಾಸು.

ಎಂಟೂವರೆ ಲಕ್ಷ ಸಿಟಿಸಿ (ಕಂಪನಿ ನಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು) ಅಂದರೆ ಕೈಗೆಷ್ಟು? ಅದರಲ್ಲಿ ಸುಮಾರು 1 ಲಕ್ಷ ವೇರಿಯೇಬಲ್, ಬಂದರೆ ಬಂತು. ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿ ಕೂಡ ಅದೇ 8.5 ಲಕ್ಷದೊಳಗೆ ಕೂತಿರುತ್ತವೆ. ನಮ್ಮ ಪಾಲಿನ ಪಿಎಫ್, ಆಗ ತಿಂಗಳಿಗೆ 200 ರೂಪಾಯಿ ಇದ್ದ ವೃತ್ತಿ ತೆರಿಗೆ ಎಲ್ಲ ಕಳೆದರೆ ಉಳಿಯುವುದು 54 ಸಾವಿರದ ಹತ್ತಿರ. ಪೇ ಸ್ಲಿಪ್ ಮಾಡುವುದೇ ನನ್ನ ಕೆಲಸವಾದ್ದರಿಂದ ಇದು ಐದು ನಿಮಿಷದಲ್ಲಿ ಆಯಿತು.

ಆಮೇಲೆ ಸಾಲ. ಉಳಿತಾಯದಿಂದ 1 ಲಕ್ಷ, ಬಾಕಿ 15 ಲಕ್ಷ ಬ್ಯಾಂಕಿನಿಂದ. ನನಗೆ ಹೇಳಿದ ಬಡ್ಡಿ 10.5%, ಹತ್ತು ವರ್ಷ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಇಎಂಐ 20,240 ಎಂದು ಬಂತು. ಖುಷಿಯಾಯಿತು. ಆದರೆ ಓದುವ ಎರಡು ವರ್ಷ, ಆಮೇಲಿನ ಆರು ತಿಂಗಳು ಕಂತು ಇಲ್ಲ ಎನ್ನುತ್ತಾರಲ್ಲ, ಕಂತು ಇಲ್ಲದಿದ್ದರೂ ಆಗ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷ ಏಳೂವರೆ, ಎರಡನೇ ವರ್ಷ ಏಳೂವರೆ ಲಕ್ಷ ಬಿಡುಗಡೆ ಅಂತ ಹಿಡಿದರೆ, ಮೊದಲ ಕಂತು ಕಟ್ಟುವ ಹೊತ್ತಿಗೆ 3,15,000 ಬಡ್ಡಿ ಸೇರಿ ಸಾಲ 18,15,000 ಆಗಿರುತ್ತದೆ. ಇಎಂಐ 24,490. ಹತ್ತು ವರ್ಷದಲ್ಲಿ ಕಟ್ಟುವುದು ಒಟ್ಟು 29 ಲಕ್ಷದ ಮೇಲೆ. ಆದಾಯ ತೆರಿಗೆ ಕಾಯ್ದೆಯ 80ಇ ಅಡಿಯಲ್ಲಿ ಬಡ್ಡಿಗೆ ತೆರಿಗೆ ವಿನಾಯಿತಿ ಉಂಟು ಎಂದು ಮ್ಯಾನೇಜರ್ ಸಮಾಧಾನ ಹೇಳಿದರು. ಅದು ಹಳೆ ತೆರಿಗೆ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ, ಅದೂ ಎಂಟು ವರ್ಷದವರೆಗೆ. ಆ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇರಲಿಲ್ಲ, ಹಾಗಾಗಿ ವಿನಾಯಿತಿಯಿಂದ ನನಗೇನೂ ಬರುತ್ತಿರಲಿಲ್ಲ.

ಏಳೂವರೆ ಲಕ್ಷ ದಾಟಿದ ಕಾರಣ ಅಡಮಾನವನ್ನೂ ಕೇಳಿದರು. ಅಂದರೆ ಮನೆ ಪತ್ರ. ಅಮ್ಮ ಬೇಡ ಅನ್ನಲಿಲ್ಲ. ಕಪಾಟಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಪತ್ರ ತೆಗೆದು ಮೇಜಿನ ಮೇಲಿಟ್ಟಳು, ಏನೂ ಮಾತಾಡಲಿಲ್ಲ. ಅದಕ್ಕೆ ಎಕ್ಸೆಲ್‌ನಲ್ಲಿ ಕಾಲಂ ಇಲ್ಲ.

ಈಗ ಮುಖ್ಯ ವಿಷಯ. ಹೆಚ್ಚಿನವರು "ಈಗ 36 ಸಾವಿರ, ಎಂಬಿಎ ಆದರೆ 54 ಸಾವಿರ, 18 ಸಾವಿರ ಲಾಭ" ಎಂದು ಲೆಕ್ಕ ಮುಗಿಸುತ್ತಾರೆ. ನಾನೂ ಮೊದಲು ಹಾಗೇ ಮಾಡಿದ್ದೆ. ಎರಡು ವರ್ಷ ನಾನು ಇದ್ದಲ್ಲೇ ಇದ್ದರೂ ಸಂಬಳ 36ರಲ್ಲೇ ನಿಲ್ಲುವುದಿಲ್ಲವಲ್ಲ? ನಮ್ಮ ಆಫೀಸಿನ ಇಂಕ್ರಿಮೆಂಟ್ ನೋಡಿದರೆ 42 ಸಾವಿರ ಆಗುತ್ತಿತ್ತು. ಎಂಬಿಎಯನ್ನು ಹೋಲಿಸಬೇಕಾದದ್ದು ಅದರ ಜೊತೆ. ಇನ್ನೊಂದು ತಪ್ಪೂ ಮಾಡಿದ್ದೆ, ಹಾಸ್ಟೆಲ್ ಊಟವನ್ನು ಪೂರ್ತಿ ಖರ್ಚಿಗೆ ಹಾಕಿದ್ದೆ. ಮನೆಯಲ್ಲಿದ್ದರೂ ಊಟ ಮಾಡುತ್ತೇನೆ ತಾನೇ? ಜಾಸ್ತಿ ಆಗುವಷ್ಟನ್ನು ಮಾತ್ರ ಹಾಕಬೇಕು.

ಸರಿಪಡಿಸಿದ ಮೇಲೆ ಹೀಗೆ ಬಂತು. ಎಂಬಿಎ ಮುಗಿಸಿ ಬೆಂಗಳೂರಿನಲ್ಲಿ 54 ಸಾವಿರ. ಇಎಂಐ 24,490, ಬಾಡಿಗೆ ಊಟ ಓಡಾಟ 22 ಸಾವಿರ. ಉಳಿಯುವುದು ಏಳೂವರೆ ಸಾವಿರ. ಎಂಬಿಎ ಇಲ್ಲದೆ ಇಲ್ಲೇ 42 ಸಾವಿರ, ಮನೆಗೆ 12, ಬಸ್ಸಿಗೆ 3 ಕಳೆದು ಉಳಿಯುವುದು 27 ಸಾವಿರ. ಎಂಬಿಎಯ ಸಂಬಳ ವರ್ಷಕ್ಕೆ 12%, ಇಲ್ಲಿಯದ್ದು 8%, ಖರ್ಚು 6% ಏರುತ್ತದೆ ಅಂತ ಇಟ್ಟೆ. ತಿಂಗಳ ಉಳಿತಾಯ ಸಮ ಆಗುವುದೇ ಕೆಲಸದ ಆರನೇ ವರ್ಷದಲ್ಲಿ. ಅಷ್ಟರವರೆಗೆ ಬಿದ್ದ ಗುಂಡಿ, ಓದುವಾಗ ತಪ್ಪಿದ ಉಳಿತಾಯ ಎಲ್ಲ ತುಂಬುವುದು ಹನ್ನೊಂದನೇ ವರ್ಷದಲ್ಲಿ. ಆಗ ನನಗೆ 40. ಆ 12ನ್ನು ಅಳಿಸಿ 8 ಹಾಕಿ ನೋಡಿದೆ. ಹನ್ನೊಂದು ವರ್ಷ ಇದ್ದದ್ದು ಹತ್ತಿರ ಹತ್ತಿರ ಇಪ್ಪತ್ತಾಯಿತು. ಒಂದು ಸೆಲ್ ಬದಲಾಯಿಸಿದ್ದಕ್ಕೆ! ಇಡೀ ಲೆಕ್ಕ ಆ ಒಂದು ಊಹೆಯ ಮೇಲೆ ನಿಂತಿತ್ತು.

ಇದರಲ್ಲಿ ದುಡ್ಡಿನ ಕಾಲದ ಬೆಲೆ ಇನ್ನೂ ಸೇರಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಪುಸ್ತಕ ಬೇಡ, ಹರಾಜು ಚೀಟಿ ಹಾಕಿದವರಿಗೆಲ್ಲ ಗೊತ್ತು. ಮೊದಲ ತಿಂಗಳೇ ಬೇಕು ಅನ್ನುವವನು 1 ಲಕ್ಷದ ಚೀಟಿಯನ್ನು 75 ಸಾವಿರಕ್ಕೂ ಎತ್ತುತ್ತಾನೆ, ಯಾಕೆಂದರೆ ಇವತ್ತಿನ ದುಡ್ಡಿಗೆ ತೂಕ ಜಾಸ್ತಿ. ನನ್ನ ಸಾಲದ ದರ 10.5% ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ, ಹತ್ತು ವರ್ಷ ಆದ ಮೇಲೆ ಸಿಗುವ 1 ಲಕ್ಷ ಇವತ್ತಿನ 37 ಸಾವಿರಕ್ಕೆ ಸಮ. ನನ್ನ ಲಾಭವೆಲ್ಲ ಇದ್ದದ್ದು ಆ ಹತ್ತು ವರ್ಷದ ಆಚೆಗೆ. ದಿನಕ್ಕೆ ಎರಡಾಣೆಯಿಂದ ಪಿಗ್ಮಿ ಕಟ್ಟಿಸಿದ ಊರಿನವಳು ನಾನು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಅದನ್ನು ಶುರುಮಾಡಿದ್ದು ಇಲ್ಲೇ ಉಡುಪಿಯಲ್ಲಿ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ಮೂರು ವಾರ ಹಿಡಿಯಿತು.

ಸೀಟು ಬಿಟ್ಟೆ. ಕೋರ್ಸ್ ಶುರುವಾಗುವ ಮೊದಲೇ ಬಿಟ್ಟರೆ 1,000 ರೂಪಾಯಿಗಿಂತ ಜಾಸ್ತಿ ಹಿಡಿದುಕೊಳ್ಳುವಂತಿಲ್ಲ ಎಂದು ಎಐಸಿಟಿಇ (ತಾಂತ್ರಿಕ, ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಮಾನ್ಯತೆ ಕೊಡುವ ಮಂಡಳಿ) ನಿಯಮ ಇದೆ. ಮೊದಲು "ನಾನ್ ರಿಫಂಡೆಬಲ್" ಎಂದರು. ನಿಯಮದ ಪುಟವನ್ನೇ ಮೇಲ್‌ಗೆ ಅಂಟಿಸಿ ಕಳಿಸಿದ ಮೇಲೆ ದುಡ್ಡು ಬಂತು, ನಾಲ್ಕು ತಿಂಗಳು ಬಿಟ್ಟು.

ಹಾಗಂತ ಎಂಬಿಎಯೇ ದಂಡ ಅನ್ನುವುದಿಲ್ಲ. ನನ್ನ ಗೆಳತಿಯೊಬ್ಬಳು ಉಡುಪಿಯಲ್ಲಿ 14 ಸಾವಿರಕ್ಕೆ ದುಡಿಯುತ್ತಿದ್ದಳು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸರ್ಕಾರಿ ಸೀಟಿನಲ್ಲಿ ಸೇರಿದಳು. ಅವಳು ಬಿಟ್ಟುಕೊಟ್ಟ ಸಂಬಳ ಕಡಿಮೆ, ಫೀಸು ಕಡಿಮೆ, ಅಡಮಾನ ಇಲ್ಲ. ಅವಳ ಲೆಕ್ಕ ಎರಡನೇ ವರ್ಷಕ್ಕೇ ಸರಿಹೋಯಿತು. ಐಐಎಂ ಬೆಂಗಳೂರಿನಂಥ ಕಡೆ ಸೀಟು ಸಿಕ್ಕಿದ್ದರೆ ನನ್ನ ಶೀಟಿನ ಉತ್ತರವೂ ಬೇರೆಯೇ ಇರುತ್ತಿತ್ತು. ಓದಿಗಾಗಿ ಬಿಟ್ಟುಕೊಡುವ ಸಂಬಳ ಜಾಸ್ತಿ ಆದಷ್ಟೂ ಎಂಬಿಎ ದುಬಾರಿ ಆಗುತ್ತಾ ಹೋಗುತ್ತದೆ, ಫೀಸು ಅಷ್ಟೇ ಇದ್ದರೂ.

ನಾನು ಮಾಡಿದ್ದು ಆನ್‌ಲೈನ್ ಎಂಬಿಎ. ಮಾನ್ಯತೆ ಇರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯೂ ರೆಗ್ಯುಲರ್‌ಗೆ ಸಮ ಎಂದು ಯುಜಿಸಿ 2022ರಲ್ಲಿ ಸ್ಪಷ್ಟ ಮಾಡಿತ್ತು. ಎರಡು ವರ್ಷಕ್ಕೆ 2.4 ಲಕ್ಷ, ಕೈಯಿಂದಲೇ ಕಟ್ಟಿದೆ. ಪ್ಲೇಸ್‌ಮೆಂಟ್ ಅಂತ ಏನೂ ಸಿಗಲಿಲ್ಲ, ಸಹಪಾಠಿಗಳ ಮುಖ ನೆನಪಿಲ್ಲ. ಭಾನುವಾರಗಳು ಹೋದವು. ಆದರೆ ನಮ್ಮ ಆಫೀಸಿನಲ್ಲಿ ಮೇಲಿನ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕಿತ್ತು, ಆ ಬಾಗಿಲು ತೆರೆಯಿತು. ಈಗ ಕೈಗೆ 48 ಸಾವಿರ. ಸುಮ್ನೆ ಇದ್ದಿದ್ದರೂ ಬರುತ್ತಿದ್ದ 42 ಕಳೆದರೆ ತಿಂಗಳಿಗೆ 6 ಸಾವಿರ. 40 ತಿಂಗಳಲ್ಲಿ ಹಾಕಿದ್ದು ವಾಪಸ್.

ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಸೀಟು ಸಿಕ್ಕಿತು, 18 ಲಕ್ಷದ್ದು. ನನ್ನ ಅಂಕಿಗಳನ್ನೆಲ್ಲ ಅಳಿಸಿ ಶೀಟ್ ಕಳಿಸಿಕೊಟ್ಟೆ. ರಾತ್ರಿ ಫೋನ್ ಮಾಡಿದ. "ಅಕ್ಕ, ಎಂಬಿಎ ಮಾಡದಿದ್ದರೆ ಅಂತ ಒಂದು ಕಾಲಂ ಉಂಟಲ್ಲ, ಅದನ್ನು ಖಾಲಿ ಬಿಡಬಹುದಾ?"