ವೈಫೈ ಮೂಲಕವೇ ಲ್ಯಾಪ್‌ಟಾಪ್ ಎಬ್ಬಿಸಿದ್ದು: ನನ್ನ ಅನುಭವ

ಮೈಸೂರಿನ ಕುವೆಂಪುನಗರದ ಮನೆ. ಮಹಡಿ ಮೇಲೆ ಲಿನಕ್ಸ್ ಲ್ಯಾಪ್‌ಟಾಪ್, ಅಲ್ಲಿಗೆ ಕೇಬಲ್ ಇಲ್ಲ. ಅದು ಸಸ್ಪೆಂಡ್ ಆದ (ಮಲಗಿದ) ಮೇಲೆ ಕೆಳಗಿನಿಂದ ಫೋನಲ್ಲಿ ಮ್ಯಾಜಿಕ್ ಪ್ಯಾಕೆಟ್, ಅಂದರೆ ಕಂಪ್ಯೂಟರ್ ಎಬ್ಬಿಸುವ ನೆಟ್‌ವರ್ಕ್ ಸಂದೇಶ, ಕಳಿಸಿದರೆ ಏಳುತ್ತಲೇ ಇರಲಿಲ್ಲ.

ಬಯಾಸ್‌ನಲ್ಲಿ (ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ವೇಕ್ ಆನ್ ಲ್ಯಾನ್, ಅಂದರೆ ನೆಟ್‌ವರ್ಕ್‌ನಿಂದ ಎಬ್ಬಿಸುವ ಸೌಲಭ್ಯ, ಆನ್ ಮಾಡಿದೆ, ಆದರೆ ಈ ಮಾಡೆಲ್‌ನಲ್ಲಿ ಅದು ಕೇಬಲ್ ಪೋರ್ಟ್‌ಗೆ ಮಾತ್ರ. ಕೇಬಲ್ ಕಾರ್ಡಿಗೆ ಇದನ್ನು ಆನ್ ಮಾಡುವ ಈಥ್‌ಟೂಲ್ ಕಮಾಂಡ್ ವೈಫೈ ಕಾರ್ಡಿಗೆ ನಡೆಯಲಿಲ್ಲ. ರೂಟರ್ ಬದಲಿಸಿದರೂ ಅಷ್ಟೇ.

ಮೊದಲು ಟರ್ಮಿನಲ್‌ನಲ್ಲಿ ‘ಐಡಬ್ಲ್ಯೂ ಲಿಸ್ಟ್’ ಕಮಾಂಡ್ ಕೊಟ್ಟು, ವೋವ್‌ಲ್ಯಾನ್ (ವೈಫೈನಿಂದ ಎಬ್ಬಿಸುವುದು) ಸಪೋರ್ಟ್ ಅನ್ನೋ ಭಾಗದಲ್ಲಿ ಮ್ಯಾಜಿಕ್ ಪ್ಯಾಕೆಟ್ ಇದೆಯಾ ನೋಡಿ. ಇಲ್ಲದಿದ್ದರೆ ಮುಂದಿನದೆಲ್ಲ ದಂಡ. ಕಂಪ್ಯೂಟರ್ ಮಲಗಿದಾಗ ರೂಟರ್ ಜೊತೆ ಸಂಪರ್ಕ ಉಳಿಸಿಕೊಂಡು ಪ್ಯಾಕೆಟ್ ಗುರುತಿಸಬೇಕಾದದ್ದು ಕಾರ್ಡಿನೊಳಗಿನ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರೇ ಅಲ್ವಾ? ಆ ಪ್ಯಾಕೆಟ್ಟಿನಲ್ಲಿ 6 ಬೈಟ್ ಎಫ್‌ಎಫ್, ಆಮೇಲೆ ಕಾರ್ಡಿನ 6 ಬೈಟಿನ ಮ್ಯಾಕ್ ವಿಳಾಸ (ಗುರುತು ಸಂಖ್ಯೆ) 16 ಸಲ, ಒಟ್ಟು 102 ಬೈಟ್.

ಆಮೇಲೆ ವೈಫೈಗೆ ಸೇರಿಕೊಂಡು, ರೂಟ್ (ಅಡ್ಮಿನ್) ಆಗಿ ‘ಐಡಬ್ಲ್ಯೂ ಫೈ ಫೈ0 ವೋವ್‌ಲ್ಯಾನ್ ಎನೇಬಲ್ ಮ್ಯಾಜಿಕ್-ಪ್ಯಾಕೆಟ್’ ಕೊಟ್ಟೆ. ಅದೇ ಸಾಲಿನಲ್ಲಿ ‘ಎನೇಬಲ್ ಮ್ಯಾಜಿಕ್-ಪ್ಯಾಕೆಟ್’ ಬದಲು ‘ಶೋ’ ಹಾಕಿದರೆ ಎನೇಬಲ್ ಆಗಿದೆ ಅಂತ ತೋರಿಸಿತು. ಆದರೂ ಏಳಲಿಲ್ಲ! ಸಿಸ್ಟಮ್‌ನಲ್ಲಿ ಕಾರ್ಡಿನ ಸೆಟ್ಟಿಂಗ್‌ಗಳಿರುವ ಪಿಸಿಐ ಫೋಲ್ಡರ್‌ನಲ್ಲಿ ‘ಪವರ್/ವೇಕ್‌ಅಪ್’ ಫೈಲ್ ‘ಡಿಸೇಬಲ್ಡ್’ ಅಂತಿತ್ತು. ಅದಕ್ಕೆ ‘ಎನೇಬಲ್ಡ್’ ಬರೆದ ಮೇಲೆ ಎದ್ದಿತು.

ವೋವ್‌ಲ್ಯಾನ್, ವೇಕ್‌ಅಪ್ ಈ ಎರಡೂ ಸೆಟ್ಟಿಂಗ್ ರೀಬೂಟ್ ಆದರೆ ಅಳಿಸಿ ಹೋಗುತ್ತವೆ. ಅದಕ್ಕೆ ನೆಟ್‌ವರ್ಕ್ ಮ್ಯಾನೇಜರ್‌ನ ಆ ಕನೆಕ್ಷನ್ನಿನಲ್ಲಿ ವೇಕ್-ಆನ್-ಡಬ್ಲ್ಯೂಲ್ಯಾನ್ ಅನ್ನು ‘ಮ್ಯಾಜಿಕ್’ ಮಾಡಿದೆ. ವೇಕ್‌ಅಪ್ ಸಾಲನ್ನು ಬೂಟ್ ಸ್ಕ್ರಿಪ್ಟ್‌ಗೆ ಹಾಕಿದೆ.

ಫೋನಿನಿಂದ ಪ್ಯಾಕೆಟ್ಟನ್ನು ಬ್ರಾಡ್‌ಕಾಸ್ಟ್ ವಿಳಾಸಕ್ಕೆ (ನೆಟ್‌ವರ್ಕ್‌ನಲ್ಲಿರುವ ಎಲ್ಲಕ್ಕೂ ತಲುಪುವ ವಿಳಾಸ), ಯುಡಿಪಿ ಪೋರ್ಟ್ 9ಕ್ಕೆ ಕಳಿಸಿ. ಫೋನ್ ಗೆಸ್ಟ್ ವೈಫೈನಲ್ಲಿದ್ದರೆ ಸಾಮಾನ್ಯವಾಗಿ ಪ್ಯಾಕೆಟ್ ಈ ಕಡೆ ದಾಟುವುದಿಲ್ಲ.