ಹೆಡ್‌ಲೈಟ್ ಕೈಕೊಟ್ಟರೆ, ರಿಕಾಲ್ ರಿಪೇರಿ ತಡವಾದರೆ ಏನು ಮಾಡಬೇಕು?

ಯಲ್ಲಾಪುರದಿಂದ ಚಿಕ್ಕಮ್ಮನನ್ನು ಕರೆದುಕೊಂಡು ಕಾರವಾರಕ್ಕೆ ಬರುತ್ತಿದ್ದೆ. ಆಷಾಢದ ಮಳೆ. ಅರಬೈಲ್ ಘಟ್ಟ ಇಳಿಯಲು ಶುರು ಮಾಡಿ ಎರಡೋ ಮೂರೋ ತಿರುವು ಆಗಿತ್ತು, ಎದುರಿನ ರಸ್ತೆ ಒಮ್ಮೆಲೇ ಮಾಯವಾಯಿತು. ಡ್ಯಾಶ್‌ಬೋರ್ಡ್ ದೀಪ ಉರಿಯುತ್ತಿತ್ತು, ವೈಪರ್ ಓಡುತ್ತಿತ್ತು, ಹಾಡೂ ಬರುತ್ತಿತ್ತು. ಹೆಡ್‌ಲೈಟ್ ಮಾತ್ರ ಎರಡೂ ಆರಿಹೋಗಿದ್ದವು. ಹೇಗೋ ಅಗಲ ಜಾಗ ನೋಡಿ ನಿಲ್ಲಿಸಿದೆ. ಕೆಳಗಿನಿಂದ ಹತ್ತಿ ಬಂದ ಲಾರಿಯ ಚಾಲಕ ನಿಲ್ಲಿಸಿ ಇಳಿದು ಬಂದರು. "ಅಣ್ಣ, ಎದುರಿಂದ ನಿಮ್ಮ ಗಾಡಿ ಕಾಣ್ಲೇ ಇಲ್ಲ" ಅಂದರು. ಚಿಕ್ಕಮ್ಮ ನನ್ನ ತೋಳು ಹಿಡಿದಿದ್ದವರು ಅಂಕೋಲಾ ಮುಟ್ಟುವವರೆಗೆ ಬಿಡಲಿಲ್ಲ.

ಆ ಕಾರಿನ ದೋಷ ಕಂಪನಿಗೆ ಮೊದಲೇ ಗೊತ್ತಿತ್ತು. ರಿಕಾಲ್ ಪತ್ರವನ್ನೂ ಕಳಿಸಿದ್ದರು (ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆದು ಪುಕ್ಕಟೆ ಸರಿ ಮಾಡಿಕೊಡುವುದೇ ರಿಕಾಲ್). ಆದರೆ ಅದು ನನಗೆ ಕಾರು ಮಾರಿದವರ ಹಳೆಯ ವಿಳಾಸಕ್ಕೆ ಹೋಗಿತ್ತು. ವಿಷಯ ತಿಳಿದ ಮೇಲೂ ರಿಪೇರಿಗೆ ನಾಲ್ಕು ತಿಂಗಳು ಅಲೆದೆ. ಆ ಅಲೆದಾಟದಲ್ಲಿ ಕಲಿತಿದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ದಾರಿಯಲ್ಲೇ ಆರಿದರೆ

ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ, ಹಿಂದೆ ಲಾರಿ ಇರಬಹುದು. ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಹೆಡ್‌ಲೈಟ್ ಲಿವರ್ ಅನ್ನು ನಿಮ್ಮ ಕಡೆಗೆ ಎಳೆದು ಹಿಡಿಯಿರಿ. ಓವರ್‌ಟೇಕ್ ಮಾಡುವಾಗ ಮಿನುಗಿಸುತ್ತೇವಲ್ಲ, ಅದೇ ಲೈಟ್. ಡಿಮ್ ಹೋದರೂ ಹೈ ಬೀಮ್ ಕೆಲಸ ಮಾಡುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಬೇರೆ ಬೇರೆ ಫ್ಯೂಸ್ ಇರುತ್ತದೆ. ಫಾಗ್ ಲೈಟ್ ಇದ್ದರೆ ಅದನ್ನೂ ಹಾಕಿ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವ ಕೆಂಪು ತ್ರಿಕೋನದ ಗುಂಡಿ ಒತ್ತಿ.

ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ. ಘಟ್ಟದಲ್ಲಿ ಎಡಕ್ಕೆ ಸ್ವಲ್ಪ ಅಗಲವಾದ ಜಾಗ ಸಿಗುವವರೆಗೆ ನಡಿಗೆಯ ವೇಗದಲ್ಲಿ ಹೋಗಿ. ನಿಂತ ಮೇಲೆ ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ. ಡಿಕ್ಕಿಯಲ್ಲಿರುವ ಎಚ್ಚರಿಕೆಯ ತ್ರಿಕೋನವನ್ನು ಹಿಂದೆ ದೂರದಲ್ಲಿಡಿ. ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತು ಇದ್ದರೆ 112. ಘಟ್ಟದಲ್ಲಿ ಸಿಗ್ನಲ್ ಸಿಗದ ತಿರುವುಗಳೂ ಇವೆ, ಆಗ ಹೋಗುವ ಲಾರಿಯವರ ಕೈಯಲ್ಲಿ ಹೇಳಿ ಕಳಿಸಿ. ಮೊಬೈಲ್ ಟಾರ್ಚ್ ಹಿಡಿದು ಗಾಡಿ ಓಡಿಸುವ ಸಾಹಸ ಬೇಡವೇ ಬೇಡ.

ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಕಾಣದಿದ್ದರೆ 50 ಮೀಟರ್. ಘಟ್ಟದಲ್ಲಿ ಅಷ್ಟರೊಳಗೆ ಒಂದು ತಿರುವು ಬಂದೇ ಬರುತ್ತದೆ.

ಹಂತ 2: ಹೋಗಿದ್ದು ಬಲ್ಬೋ, ಬೇರೆಯೋ ನೋಡಿ

ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ, ಮನೆಯ ಗೋಡೆ ಸಾಕು. ಕತ್ತಲಾದ ಮೇಲೆ ಗೋಡೆಯಿಂದ ಏಳೆಂಟು ಅಡಿ ದೂರದಲ್ಲಿ ಕಾರು ನಿಲ್ಲಿಸಿ ಡಿಮ್ ಹಾಕಿ, ಆಮೇಲೆ ಹೈ ಹಾಕಿ. ಒಂದೇ ಬದಿ ಬೆಳಕಿಲ್ಲದಿದ್ದರೆ ಆ ಬದಿಯ ಬಲ್ಬ್ ಅಥವಾ ಫ್ಯೂಸ್. ಎರಡೂ ಬದಿ ಡಿಮ್ ಒಟ್ಟಿಗೆ ಹೋಗಿ ಹೈ ಮಾತ್ರ ಉರಿಯುತ್ತಿದ್ದರೆ ಅನುಮಾನ ಬೇರೆ ಕಡೆ ಹೋಗಬೇಕು. ಎರಡು ಬಲ್ಬ್ ಒಂದೇ ಕ್ಷಣದಲ್ಲಿ ಸಾಯುವುದು ತೀರಾ ಅಪರೂಪ. ರಿಲೇ (ಲೈಟ್‌ಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್ ಡಬ್ಬಿ), ಸ್ಟೇರಿಂಗ್ ಕೆಳಗಿನ ಸ್ವಿಚ್, ಅಥವಾ ಲೈಟ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ನೋಡಬೇಕು. ಒಂದು ಬಲ್ಬ್ ಎಂದೋ ಹೋಗಿತ್ತು, ನಮ್ಮ ಗಮನಕ್ಕೆ ಬಂದಿರಲಿಲ್ಲ ಎನ್ನುವುದೂ ಉಂಟು. ಆದ್ದರಿಂದ ತಿಂಗಳಿಗೊಮ್ಮೆ ಗೋಡೆ ಪರೀಕ್ಷೆ ಮಾಡಿ.

2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಇಂಥದ್ದೇ ಕಾರಣಕ್ಕೆ ಸುಮಾರು 3 ಲಕ್ಷ ಗಾಡಿಗಳನ್ನು ವಾಪಸ್ ಕರೆಯಬೇಕಾಯಿತು. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್‌ನಲ್ಲಿದ್ದ ಹೆಡ್‌ಲೈಟ್ ಮಾಡ್ಯೂಲ್ ಬಿಸಿಯಾಗಿ ಡಿಮ್ ಲೈಟ್ ಆರಿಹೋಗುತ್ತಿತ್ತು. ಇಂಥ ದೋಷದ ಕೆಟ್ಟ ಗುಣ ಏನೆಂದರೆ ಒಮ್ಮೆ ಆರುತ್ತದೆ, ತಣ್ಣಗಾದ ಮೇಲೆ ತಾನೇ ಬರುತ್ತದೆ. ಮೆಕ್ಯಾನಿಕ್ ಹತ್ತಿರ ಹೋದಾಗ ಎಲ್ಲ ಸರಿ ಇರುತ್ತದೆ. ಹಾಗಾಗಿ ಆರಿದ ಕೂಡಲೇ, ಗಾಡಿ ನಿಲ್ಲಿಸಿದ ಮೇಲೆ, ಮೊಬೈಲ್‌ನಲ್ಲಿ ಒಂದು ವಿಡಿಯೋ ಮಾಡಿಕೊಳ್ಳಿ. ಸ್ವಿಚ್ ಆನ್ ಇರುವುದೂ ಲೈಟ್ ಇಲ್ಲದಿರುವುದೂ ಒಂದೇ ವಿಡಿಯೋದಲ್ಲಿ ಬರಲಿ.

ಹಂತ 3: ನಮ್ಮ ಕರಾವಳಿಯ ಕಾಯಿಲೆಗಳು

ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಕಂಪನಿಯ ಪುಸ್ತಕದಲ್ಲಿ ಇದು ಬರುವುದಿಲ್ಲ.

ಕಾರವಾರದಿಂದ ಭಟ್ಕಳದವರೆಗೆ ಮನೆ ಅಂಗಳದಲ್ಲಿ ನಿಲ್ಲುವ ಕಾರಿಗೆ ವರ್ಷವಿಡೀ ಉಪ್ಪು ಗಾಳಿ. ಬಲ್ಬ್ ಹಿಂದಿನ ಪ್ಲಾಸ್ಟಿಕ್ ಕಪ್ಲರ್ ಬಿಚ್ಚಿ ನೋಡಿ. ಒಳಗಿನ ಲೋಹದ ಕಡ್ಡಿಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಂಡರೆ ಕಿಲುಬು ಹಿಡಿದಿದೆ ಎಂದರ್ಥ. ಕಿಲುಬು ಹಿಡಿದ ಕಡೆ ಕರೆಂಟ್ ಸರಾಗವಾಗಿ ಹೋಗುವುದಿಲ್ಲ, ಅಲ್ಲೇ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ನನ್ನ ಕಾರಿನದನ್ನು ಕಾರವಾರದ ಮೆಕ್ಯಾನಿಕ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಮೂರು ತೂತುಗಳಲ್ಲಿ ಎರಡು ಚೆನ್ನಾಗಿದ್ದವು. ಮೂರನೆಯದು ಸುಟ್ಟ ಗೇರುಬೀಜದ ಹಾಗೆ ಕಪ್ಪಾಗಿ ಮುದುಡಿತ್ತು. ಮೂಗಿನ ಹತ್ತಿರ ತಂದರೆ ಇನ್ನೂ ಕರಕಲು ವಾಸನೆ. "ಈ ಮಾಡೆಲ್‌ಗೆ ಕಂಪನಿಯವರು ವಾಪಸ್ ಕರ್ದಿದಾರಲ್ಲ ಸರ್, ಲೆಟರ್ ಬಂದಿಲ್ವಾ?" ಎಂದು ಅವರು ಕೇಳಿದಾಗಲೇ ನನಗೆ ರಿಕಾಲ್ ವಿಷಯ ಗೊತ್ತಾಗಿದ್ದು.

ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟ್ ಮಂಕಾಗಿ ಮಿಣುಕಿದರೆ ಅರ್ಥಿಂಗ್ ಸರಿ ಇಲ್ಲ. ಅರ್ಥಿಂಗ್ ವೈರ್ ಕಾರಿನ ಲೋಹದ ಬಾಡಿಯನ್ನು ಸೇರುವ ಕಡೆ ಇರುವ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಬಿಗಿ ಮಾಡಿದರೆ ಮುಗಿಯಿತು. ಶಿರಸಿ, ಸಿದ್ದಾಪುರದ ಕಡೆ ಇನ್ನೊಂದು ಕಾಟ: ಇಲಿ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತದೆ. ಅಡಿಕೆ ದಾಸ್ತಾನಿನ ಪಕ್ಕ ಕಾರು ನಿಲ್ಲಿಸುವವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಇಲಿ ಕಡಿದಿದ್ದು ರಿಕಾಲ್‌ಗೆ ಬರುವುದಿಲ್ಲ, ವಾರಂಟಿಗೂ ಬರುವುದಿಲ್ಲ.

ನಾವೇ ತಂದುಕೊಳ್ಳುವ ಕಾಯಿಲೆಯೂ ಒಂದಿದೆ. ಕಾರಿನೊಂದಿಗೆ ಬರುವ ಎಚ್4 ಹ್ಯಾಲೋಜನ್ ಬಲ್ಬ್ 60/55 ವಾಟ್, ಅಂದರೆ ಹೈಗೆ 60, ಡಿಮ್‌ಗೆ 55. ಬೆಳಕು ಸಾಲದು ಎಂದು 100/90 ವಾಟ್ ಹಾಕಿಸುತ್ತಾರೆ. 12 ವೋಲ್ಟ್ ಲೆಕ್ಕದಲ್ಲಿ 55 ವಾಟ್‌ಗೆ ಸುಮಾರು 4.6 ಆಂಪಿಯರ್ ಬೇಕು, 90 ವಾಟ್‌ಗೆ 7.5. ವೈರ್ ಮತ್ತು ಕಪ್ಲರ್ ಮಾತ್ರ ಹಳೆಯವೇ. ಮೇಲಾಗಿ ರಿಕಾಲ್ ಕೇಳಲು ಹೋದಾಗ "ನೀವೇ ಬಲ್ಬ್ ಬದಲಿಸಿದ್ದೀರಿ" ಎಂದು ಬೆರಳು ನಿಮ್ಮ ಕಡೆಗೇ ತಿರುಗುತ್ತದೆ. ಫ್ಯೂಸ್ ಹೋದರೆ ಅದೇ ಆಂಪಿಯರ್‌ನದ್ದನ್ನೇ ಹಾಕಿ. ದೊಡ್ಡದು ಬೇಡ, ತಂತಿ ಸುತ್ತುವುದಂತೂ ಬೇಡವೇ ಬೇಡ.

ಹ್ಯಾಲೋಜನ್ ಬಲ್ಬ್ ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಎಣ್ಣೆ ತಾಗಿದ ಜಾಗ ಹೆಚ್ಚು ಬಿಸಿಯಾಗಿ ಬಲ್ಬ್ ಬೇಗ ಹೋಗುತ್ತದೆ. ಎಲ್‌ಇಡಿ ಹೆಡ್‌ಲೈಟ್‌ನಲ್ಲಿ ಸಾಮಾನ್ಯವಾಗಿ ಬಲ್ಬ್ ಬದಲಿಸುವ ಮಾತೇ ಇಲ್ಲ, ಇಡೀ ಯೂನಿಟ್ ಹೋಗಬೇಕು. ಅದರ ಬೆಲೆ ಕೇಳಿದ ಮೇಲೆ ರಿಕಾಲ್‌ಗೆ ಯಾಕೆ ಹಟ ಹಿಡಿಯಬೇಕು ಎಂದು ಗೊತ್ತಾಗುತ್ತದೆ.

ಹಂತ 4: ನಿಮ್ಮ ಕಾರಿಗೆ ರಿಕಾಲ್ ಇದೆಯೇ ಎಂದು ಹುಡುಕಿ

ಆರ್‌ಸಿ ತೆಗೆದು ಚಾಸಿ ನಂಬರ್ ಬರೆದುಕೊಳ್ಳಿ. ಒಟ್ಟು 17 ಅಕ್ಷರ ಮತ್ತು ಅಂಕಿ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರುವುದಿಲ್ಲ. ಹಾಗೆ ಕಂಡರೆ ಅದು ಒಂದು ಅಥವಾ ಸೊನ್ನೆ. ಕಂಪನಿಯ ವೆಬ್‌ಸೈಟ್‌ನಲ್ಲಿ ರಿಕಾಲ್ ಎಂಬ ಪುಟ ಇದ್ದರೆ ಅಲ್ಲಿ ಈ ನಂಬರ್ ಹಾಕಿ. ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಓದಿ ಹೇಳಿ. ವಾಹನ ತಯಾರಕರ ಸಂಘ ಸಿಯಾಮ್‌ನ ವೆಬ್‌ಸೈಟ್‌ನಲ್ಲೂ ರಿಕಾಲ್ ಪಟ್ಟಿ ಇದೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಇವತ್ತೇ ಮಾಡಿ. ಕಾರವಾರದ ಕೆಎ-30 ಇರಲಿ, ಶಿರಸಿಯ ಕೆಎ-31 ಇರಲಿ, ಆರ್‌ಟಿಒದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಕಂಪನಿಯ ಪುಸ್ತಕದಲ್ಲಿ ನಿಮ್ಮ ಫೋನ್ ನಂಬರ್ ಬರುವುದಿಲ್ಲ. ಕಸ್ಟಮರ್ ಕೇರ್‌ಗೆ ಹೇಳಿ ಮಾಲೀಕರ ಹೆಸರು, ವಿಳಾಸ, ಫೋನ್ ಬದಲಿಸಿ. ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಹಂತ 5: "ಪಾರ್ಟ್ ಬಂದಿಲ್ಲ" ಎಂದರೆ

ಮೊದಲ ಸಲ ಹೋದಾಗ ಶೋರೂಂನವರು ತುಂಬಾ ಮರ್ಯಾದೆಯಿಂದ ಮಾತಾಡಿಸಿದರು. "ಪಾರ್ಟ್ ಬಂದಿಲ್ಲ ಸರ್, ಬಂದ್ಮೇಲೆ ಫೋನ್ ಮಾಡ್ತೇವೆ." ನಂಬಿ ಬಂದೆ. ತಿಂಗಳಾಯಿತು, ಫೋನ್ ಇಲ್ಲ. ಮತ್ತೆ ಹೋದಾಗ ಅಲ್ಲಿ ಬೇರೆಯವರಿದ್ದರು, ನಾನು ಮೊದಲು ಬಂದಿದ್ದಕ್ಕೆ ಒಂದು ಗೆರೆ ದಾಖಲೆ ಇರಲಿಲ್ಲ. ನನ್ನ ಕೈಯಲ್ಲೂ ಏನೂ ಇರಲಿಲ್ಲ. ಅಂದರೆ ಆ ಒಂದು ತಿಂಗಳು ಲೆಕ್ಕಕ್ಕೇ ಬರಲಿಲ್ಲ.

ಪಾರ್ಟ್ ತಡವಾಗುವುದು ಕೆಲವೊಮ್ಮೆ ನಿಜವೇ. ಸಾವಿರಾರು ಕಾರಿಗೆ ಒಂದೇ ಬಿಡಿಭಾಗ ಒಂದೇ ಸಲ ಬೇಕು. ಆದರೆ ಸರತಿಯಲ್ಲಿ ನೀವು ಇದ್ದೀರಿ ಎನ್ನುವುದಕ್ಕೆ ಕಾಗದ ಬೇಕು. ಜಾಬ್ ಕಾರ್ಡ್ (ಸರ್ವಿಸ್ ಸೆಂಟರ್‌ನವರು ಗಾಡಿಯ ಕೆಲಸ ಬರೆದುಕೊಳ್ಳುವ ಚೀಟಿ) ತೆರೆಯಲು ಹೇಳಿ. ಅದರಲ್ಲಿ "ರಿಕಾಲ್, ಪಾರ್ಟ್ ಲಭ್ಯವಿಲ್ಲ" ಎಂದು ಬರೆಸಿ, ದಿನಾಂಕ, ಸೀಲ್ ಹಾಕಿಸಿ. ಬರೆಯಲು ಒಪ್ಪದಿದ್ದರೆ ಅಲ್ಲೇ ಕುಳಿತು ಕಂಪನಿಗೆ ಇಮೇಲ್ ಕಳಿಸಿ. ಹೀಗೆ ಬರೆದರೆ ಸಾಕು:

"ನನ್ನ ಕಾರಿನ ಚಾಸಿ ನಂಬರ್ ಇಂಥದ್ದು. ಹೆಡ್‌ಲೈಟ್ ರಿಕಾಲ್‌ಗೆ ಇದು ಸೇರಿದೆ. ಇಂಥ ದಿನಾಂಕದಂದು ಸರ್ವಿಸ್ ಸೆಂಟರ್‌ಗೆ ತಂದಿದ್ದೆ. ಪಾರ್ಟ್ ಇಲ್ಲ ಎಂದು ಹೇಳಿದರು. ಇಂಥ ದಿನ ರಾತ್ರಿ ಓಡಿಸುವಾಗ ಎರಡೂ ಲೈಟ್ ಆರಿವೆ, ವಿಡಿಯೋ ಲಗತ್ತಿಸಿದ್ದೇನೆ. ಪಾರ್ಟ್ ಯಾವ ದಿನ ಬರುತ್ತದೆ, ಅಲ್ಲಿಯವರೆಗೆ ಈ ಕಾರನ್ನು ರಾತ್ರಿ ಓಡಿಸಬಹುದೇ, ಓಡಿಸಬಾರದೆಂದರೆ ಬದಲಿ ಗಾಡಿ ಕೊಡುತ್ತೀರಾ, ಬರಹದಲ್ಲಿ ತಿಳಿಸಿ."

ಆ ನಡುವಿನ ಪ್ರಶ್ನೆ ಮುಖ್ಯ. ಓಡಿಸಬಹುದು ಎಂದು ಬರೆದು ಕೊಡಲು ಯಾರಿಗೂ ಧೈರ್ಯ ಇರುವುದಿಲ್ಲ. ನನ್ನ ಕಡತ ಸರಿದಿದ್ದು ಆ ಪ್ರಶ್ನೆ ಕೇಳಿದ ಮೇಲೆಯೇ.

ಇನ್ನೊಂದು ಮಾತು. ಕಾರು ಕೊಂಡ ಶೋರೂಂನಲ್ಲೇ ಮಾಡಿಸಬೇಕು ಎಂದೇನಿಲ್ಲ. ಆ ಕಂಪನಿಯ ಬೇರೆ ಅಧಿಕೃತ ಸರ್ವಿಸ್ ಸೆಂಟರ್‌ಗೂ ಫೋನ್ ಮಾಡಿ. ಕಾರವಾರದವರಿಗೆ ಮಡಗಾಂವ್ ಹತ್ತಿರ, ಶಿರಸಿಯವರಿಗೆ ಹುಬ್ಬಳ್ಳಿ. ಪಾರ್ಟ್ ಅಲ್ಲಿ ಇರಬಹುದು.

ಹಂತ 6: ಮೇಲಕ್ಕೆ ಹೋಗಿ

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 110ಎ ಕಲಂ ಪ್ರಕಾರ, ಜನರಿಗೆ ಅಪಾಯ ತರುವ ದೋಷ ಇದ್ದರೆ ಗಾಡಿಗಳನ್ನು ವಾಪಸ್ ಕರೆಯುವಂತೆ ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. 7 ವರ್ಷಕ್ಕಿಂತ ಹಳೆಯದಲ್ಲದ ಗಾಡಿಗಳಿಗೆ ಇದು ಅನ್ವಯ. ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ಮಾಲೀಕರೇ ದೋಷದ ದೂರು ದಾಖಲಿಸಬಹುದು. ಒಂದೇ ಮಾಡೆಲ್‌ನ ದೂರುಗಳು ಜಾಸ್ತಿಯಾದಷ್ಟೂ ಬಲ ಜಾಸ್ತಿ. ಆದ್ದರಿಂದ ನಿಮ್ಮದು ರಿಪೇರಿ ಆಗಿದ್ದರೂ ದೂರು ಹಾಕಿ.

ರಿಪೇರಿ ತಡವಾಗಿ ನಷ್ಟವಾಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಕಾರವಾರದಲ್ಲೇ ಇದೆ. ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಹೋಗಬೇಕಿಲ್ಲ. 50 ಲಕ್ಷ ರೂಪಾಯಿವರೆಗೆ ಕೊಟ್ಟು ಕೊಂಡ ವಸ್ತುವಿನ ದೂರು ಇಲ್ಲೇ ನಡೆಯುತ್ತದೆ. ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400. ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ವಕೀಲರಿಲ್ಲದೆ ನೀವೇ ವಾದಿಸಬಹುದು. ಆಗ ಕೆಲಸಕ್ಕೆ ಬರುವುದು ಹಂತ 5ರ ಕಾಗದಗಳು.

ಹಂತ 7: ಕಾಯುವ ದಿನಗಳಲ್ಲಿ

ರಾತ್ರಿ ಓಡಿಸಬೇಡಿ. ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ ಲೈಟ್ ಇರಲೇಬೇಕು ಎಂಬುದು ಕಾನೂನು. ನಮ್ಮ ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ದೇವಿಮನೆ ಘಟ್ಟದಲ್ಲಿ ಕತ್ತಲು, ಮೇಲೆ ಮಂಜು. ಹಾಗಾಗಿ ಗಡಿಯಾರ ನೋಡಬೇಡಿ, ಆಕಾಶ ನೋಡಿ. ನಾನು ಆ ನಾಲ್ಕು ತಿಂಗಳು ಘಟ್ಟ ಹತ್ತಬೇಕಾದಾಗಲೆಲ್ಲ ಬಸ್ಸಿನಲ್ಲಿ ಹೋದೆ. ಟಿಕೆಟ್‌ಗಳನ್ನು ಎತ್ತಿಟ್ಟೆ, ಖರ್ಚಿನ ಲೆಕ್ಕಕ್ಕೆ ಬೇಕಾಗುತ್ತವೆ.

ಹೊರಗಿನ ಎಲೆಕ್ಟ್ರಿಷಿಯನ್ ಹತ್ತಿರ ವೈರ್ ಕತ್ತರಿಸಿ ಜೋಡಿಸಬೇಡಿ. ಮಾಡಿಸಲೇಬೇಕಾದ ಪರಿಸ್ಥಿತಿ ಬಂದರೆ ಮೊದಲು ಫೋಟೋ ತೆಗೆಯಿರಿ, ಬಿಚ್ಚಿದ ಹಳೆಯ ಭಾಗ ಮನೆಗೆ ತನ್ನಿ, ಬಿಲ್ ಇಟ್ಟುಕೊಳ್ಳಿ, ಆ ಹಣವನ್ನು ಕಂಪನಿಯ ಹತ್ತಿರ ಕೇಳಿ.

ಹಂತ 8: ಕಾರು ವಾಪಸ್ ತರುವಾಗ

ಬೆಳಿಗ್ಗೆ ಹೋಗಬೇಡಿ, ಸಂಜೆ ಹೋಗಿ. ಅವರ ಎದುರಿಗೇ ಗೋಡೆ ಪರೀಕ್ಷೆ ಮಾಡಿ. ಯೂನಿಟ್ ಬಿಚ್ಚಿ ಹಾಕಿದ ಮೇಲೆ ಬೆಳಕು ಮೇಲೆ ಕೆಳಗೆ ಆಗಿರುವುದು ಸಾಮಾನ್ಯ, ಎರಡೂ ಬದಿ ಒಂದೇ ಎತ್ತರಕ್ಕೆ ಕೂರಿಸಿಕೊಡಲು ಹೇಳಿ. ಹದಿನೈದು ಇಪ್ಪತ್ತು ನಿಮಿಷ ಡಿಮ್ ಹಾಕಿಯೇ ಬಿಡಿ, ಬಿಸಿಯಾದ ಮೇಲೆ ಆರುವ ದೋಷ ಇದ್ದರೆ ಆಗ ಗೊತ್ತಾಗುತ್ತದೆ. ಬಿಲ್ ಸೊನ್ನೆ ರೂಪಾಯಿ ಇರಬೇಕು, ಅದರಲ್ಲಿ ರಿಕಾಲ್ ಕೆಲಸ ಮುಗಿದಿದೆ ಎಂದು ಚಾಸಿ ನಂಬರ್ ಸಮೇತ ಬರೆದಿರಬೇಕು. ಆ ಕಾಗದವನ್ನು ಆರ್‌ಸಿ ಜೊತೆ ಇಡಿ. ಮುಂದೆ ಕಾರು ಮಾರುವ ದಿನ ಬಂದರೆ ಕೀಲಿಕೈ ಕೊಡುವಾಗ ಅದನ್ನೂ ಕೊಂಡವರ ಕೈಗೆ ಕೊಡಿ.