ವಿಮಾನದ ದೂರ ಲೆಕ್ಕ ಹಾಕಲು ಹೋಗಿ ಮೈನಸ್ ಮರೆತಿದ್ದು

ಎರಡು ಏರ್‌ಪೋರ್ಟ್‌ಗಳ ನಡುವೆ ಎಷ್ಟು ದೂರ ಅಂತ ಹುಡುಕಿದರೆ ಉತ್ತರ ತಕ್ಷಣ ಸಿಗುತ್ತದೆ. ಆದರೂ ನಾನೇ ಲೆಕ್ಕ ಹಾಕಿ ನೋಡಬೇಕು ಅನ್ನುವ ಚಟ ನನಗೆ. ಸ್ಪ್ರೆಡ್‌ಶೀಟ್ ತೆರೆದು ನ್ಯೂಯಾರ್ಕ್‌ನ ಜೆಎಫ್‌ಕೆ, ಲಂಡನ್ನಿನ ಹೀಥ್ರೂ ಎರಡರ ಅಕ್ಷಾಂಶ, ರೇಖಾಂಶ ಬರೆದುಕೊಂಡೆ. ಆಮೇಲೆ ಹ್ಯಾವರ್‌ಸೈನ್ ಸೂತ್ರ. ಭೂಮಿ 6,371 ಕಿ.ಮೀ. ತ್ರಿಜ್ಯದ ಚೆಂಡು ಅಂದುಕೊಂಡು, ಅದರ ಮೈಮೇಲೆ ಹತ್ತಿರದ ದಾರಿ ಎಷ್ಟು ಅಂತ ಹೇಳುವ ಸೂತ್ರ ಅದು.

ಮೊದಲ ಉತ್ತರ ಪೂರ್ತಿ ಅಸಂಬದ್ಧ. ಡಿಗ್ರಿಯನ್ನು ರೇಡಿಯನ್‌ಗೆ (ಸ್ಪ್ರೆಡ್‌ಶೀಟ್ ಕೋನಕ್ಕೆ ಬಳಸುವ ಅಳತೆ) ಬದಲಿಸಿರಲಿಲ್ಲ, ಅಷ್ಟೇ. ಸರಿ ಮಾಡಿದ ಮೇಲೆ 5,600 ಕಿ.ಮೀ. ಬಂತು. ಸುಮಾರು ಅಷ್ಟೇ ಇರಬೇಕು ಅಂತ ಗೊತ್ತಿತ್ತು, ಖುಷಿಯಾಗಿ ಮುಂದೆ ಹೋದೆ.

ಮುಂದಿನ ಸಾಲಿನಲ್ಲಿ ಟೋಕಿಯೊದ ಹನೇಡಾ ಹಾಕಿದೆ. ನ್ಯೂಯಾರ್ಕ್‌ನಿಂದ 5,667 ಕಿ.ಮೀ. ಅಂತೆ! ಲಂಡನ್ನೂ ಟೋಕಿಯೊವೂ ಹೆಚ್ಚುಕಡಿಮೆ ಒಂದೇ ದೂರ ಆಗೋದು ಹೇಗೆ? ಅರ್ಧ ಗಂಟೆ ಸೂತ್ರದ ಬ್ರಾಕೆಟ್ಟುಗಳನ್ನೇ ಎಣಿಸುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಸೊನ್ನೆ ರೇಖಾಂಶದಿಂದ ಪಶ್ಚಿಮಕ್ಕಿರುವ ಊರುಗಳಿಗೆ ಮೈನಸ್ ಹಾಕಬೇಕು. ಜೆಎಫ್‌ಕೆ ರೇಖಾಂಶ ಮೈನಸ್ 73.78, ನಾನು ಬರೆದಿದ್ದು ಬರೀ 73.78. ಅಂದರೆ ನನ್ನ ವಿಮಾನ ಹೊರಟಿದ್ದು ಕಿರ್ಗಿಸ್ತಾನದಿಂದ. ಹೀಥ್ರೂ ಸೊನ್ನೆ ರೇಖಾಂಶದ ಪಕ್ಕದಲ್ಲೇ ಇದೆ ಅಲ್ವಾ, ಹಾಗಾಗಿ ಅಲ್ಲಿಂದ ಪೂರ್ವಕ್ಕೆ 73 ಡಿಗ್ರಿ ಹೋದರೂ ಪಶ್ಚಿಮಕ್ಕೆ ಹೋದರೂ ದೂರ ಹತ್ತಿರ ಹತ್ತಿರ ಒಂದೇ, ತಪ್ಪು ಗೊತ್ತೇ ಆಗಲಿಲ್ಲ. ಮೈನಸ್ ಹಾಕಿದ ಮೇಲೆ ಲಂಡನ್ 5,540, ಟೋಕಿಯೊ ಸುಮಾರು 10,900.

ಕೆಲವು ಕಡೆ ಲಂಡನ್ನಿಗೆ 5,555 ಅಂತ ಕಾಣುತ್ತದೆ. ಅದೂ ಸರಿಯೇ. ಭೂಮಿ ಧ್ರುವಗಳ ಕಡೆ ಸ್ವಲ್ಪ ಚಪ್ಪಟೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ 15 ಕಿ.ಮೀ. ಜಾಸ್ತಿ ಬರುತ್ತದೆ.

ಹಾರಾಟದ ಸಮಯಕ್ಕೆ ನಾನು ಮಾಡುವುದು ಒರಟು ಲೆಕ್ಕ. ದೂರವನ್ನು ವಿಮಾನದ ವೇಗ ಗಂಟೆಗೆ 850 ಕಿ.ಮೀ. ಅಂದುಕೊಂಡು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತೇನೆ. ಇಲ್ಲಿ 7 ಗಂಟೆ ಬಂತು. ಆದರೆ ಇದು ಗಾಳಿಯೇ ಇಲ್ಲದ ಲೋಕದ ಲೆಕ್ಕ. ಅಟ್ಲಾಂಟಿಕ್ ಮೇಲೆ ಜೆಟ್ ಸ್ಟ್ರೀಮ್ ಅನ್ನುವ ಎತ್ತರದ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ, ಹಾಗಾಗಿ ಲಂಡನ್ನಿನಿಂದ ವಾಪಸ್ ಬರುವಾಗ ಸುಮಾರು ಒಂದು ಗಂಟೆ ಜಾಸ್ತಿ. 2020ರ ಫೆಬ್ರವರಿಯಲ್ಲಿ ಬಿರುಗಾಳಿಯ ಬೆನ್ನೇರಿದ ಒಂದು 747 ವಿಮಾನ ನ್ಯೂಯಾರ್ಕ್‌ನಿಂದ ಲಂಡನ್ನಿಗೆ 5 ಗಂಟೆಯೊಳಗೇ ಮುಟ್ಟಿಬಿಟ್ಟಿತ್ತು! ಟಿಕೆಟ್ಟಿನಲ್ಲಿರುವ ಸಮಯ ಮಾತ್ರ ಗೇಟಿನಿಂದ ಗೇಟಿಗೆ, ರನ್‌ವೇಗೆ ಹೋಗುವುದು, ಸಾಲಿನಲ್ಲಿ ಕಾಯುವುದು ಎಲ್ಲ ಅದರಲ್ಲೇ ಬಂತು.

ಇನ್ನೊಂದು ಕಡೆಯೂ ಎಡವಿದೆ. ವೇಳಾಪಟ್ಟಿ ನೋಡಿ ನನ್ನ 7 ಗಂಟೆ ಸರಿಯಾ ಅಂತ ಪರೀಕ್ಷಿಸುತ್ತಿದ್ದೆ. ರಾತ್ರಿ 8ಕ್ಕೆ ಹೊರಟು ಬೆಳಗ್ಗೆ 7ಕ್ಕೆ ಲಂಡನ್, ಆ 11 ಗಂಟೆಯಲ್ಲಿ ಎರಡು ಊರಿನ ಗಡಿಯಾರದ ವ್ಯತ್ಯಾಸ 5 ಕಳೆದರೆ 6 ಗಂಟೆ. ಎಲ್ಲಿ ಹೋಯಿತು ಒಂದು ಗಂಟೆ? ನೋಡಿದ ದಿನಾಂಕ ಮಾರ್ಚ್ ಮಧ್ಯದ್ದು. ಅಮೆರಿಕದಲ್ಲಿ ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ಎರಡು ಊರಿನ ಸಮಯದ ಅಂತರ 5 ಗಂಟೆಯಲ್ಲ, 4. ಈಗ ಶೀಟಿನಲ್ಲಿ ದಿನಾಂಕಕ್ಕೇ ಒಂದು ಕಾಲಂ ಇಟ್ಟಿದ್ದೇನೆ.